ರಾತ್ರಿಯೇ ಕಾಯಿಸಿಟ್ಟ ಅಂಬಲಿ: ಮಜ್ಜಿಗೆ ಬೆರೆಸಬೇಕಾದದ್ದು ಯಾವಾಗ?

ಬೆಳಿಗ್ಗೆ ಆರೂವರೆ ಹೊತ್ತಿಗೆ ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆಗೆ ಹೊರಟರೆ ದಾರಿಯಲ್ಲಿ ಹೊಲದ ಕೆಲಸಕ್ಕೆ ಹೋಗುವ ಹೆಂಗಸರನ್ನು ತುಂಬಿಕೊಂಡ ಗೂಡ್ಸ್ ಆಟೊಗಳು ಸಿಗುತ್ತವೆ. ಸಣ್ಣ ಈರುಳ್ಳಿ ಕೀಳುವುದು, ಅರಿಶಿನದ ಕಳೆ ತೆಗೆಯುವುದು, ಟೊಮೆಟೊ ಬಿಡಿಸುವುದು, ಚೆಂಡುಹೂ ಕೊಯ್ಯುವುದು, ಹೀಗೆ ಕಾಲಕ್ಕೆ ತಕ್ಕ ಕೆಲಸ. ಆಟೊ ಬರುವಷ್ಟರಲ್ಲಿ ಇವರು ಕಸ ಗುಡಿಸಿ, ನೀರು ಹಿಡಿದು, ಮಕ್ಕಳಿಗೆ ತಿಂಡಿ ಮಾಡಿ, ತಮ್ಮ ಬುತ್ತಿ ಕಟ್ಟಿಕೊಂಡಿರಬೇಕು. ಆ ಹೊತ್ತಿನಲ್ಲಿ ಉಳಿಯುವ ಹದಿನೈದು ನಿಮಿಷವೂ ದೊಡ್ಡದೇ. ಹಾಗಾಗಿ ಚಾಮರಾಜನಗರ ಸೀಮೆಯಲ್ಲಿ ರಾಗಿ ಅಂಬಲಿಯ ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತದೆ.

ರಾತ್ರಿ ಮಾಡಿಟ್ಟದ್ದನ್ನು ಬೆಳಿಗ್ಗೆ ಕುಡಿಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಬಗ್ಗೆ ಮಾತ್ರ ಎರಡು ಗುಂಪುಗಳಿವೆ. ಒಂದು ಗುಂಪಿನ ಪ್ರಕಾರ ತಂಗಳು ಎಂದರೆ ವಿಷ, ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಟ್ಟ ಅನ್ನವನ್ನು ಮುಟ್ಟಲೇಬಾರದು. ಇನ್ನೊಂದು ಗುಂಪಿನ ವಾಟ್ಸಾಪ್ ಸಂದೇಶಗಳ ಪ್ರಕಾರ ತಂಗಳು ಅಮೃತ, ಅದರಲ್ಲಿ ಇಲ್ಲದ ಪೋಷಕಾಂಶವೇ ಇಲ್ಲ. ನಮ್ಮ ಪ್ರಕಾರ ಇಬ್ಬರೂ ಮುಖ್ಯ ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ದಾರೆ. ರಾತ್ರಿಯೆಲ್ಲ ಆ ಪಾತ್ರೆಯೊಳಗೆ ಬೆಳೆದವರು ಯಾರು?

ಎರಡು ಬಗೆಯ ಅಂಬಲಿ, ಎರಡು ಬಗೆಯ ರಾತ್ರಿ

ಹುಳಿ ಅಂಬಲಿಯನ್ನು ಮನೆಗಳಲ್ಲಿ ಎರಡು ರೀತಿಯಲ್ಲಿ ಮಾಡುತ್ತಾರೆ. ಮೊದಲನೆಯದರಲ್ಲಿ ಹಸಿ ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ ರಾತ್ರಿ ಮುಚ್ಚಿಡುತ್ತಾರೆ. ಬೆಳಿಗ್ಗೆ ಹುಳಿ ಬಂದ ಆ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಕಾಯಿಸಿ, ಆರಿಸಿ, ಮಜ್ಜಿಗೆ ಉಪ್ಪು ಈರುಳ್ಳಿ ಬೆರೆಸುತ್ತಾರೆ. ಎರಡನೆಯದರಲ್ಲಿ ರಾತ್ರಿಯೇ ಗಂಜಿ ಕಾಯಿಸಿ ಮುಚ್ಚಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡಿಯುತ್ತಾರೆ. ಈ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು. ರಾತ್ರಿ ಉಳಿದ ಹಿಟ್ಟನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದೂ ಈ ಎರಡನೆಯ ಜಾತಿಗೇ ಸೇರಿದ್ದು.

ಸಮಯದ ಲೆಕ್ಕದಲ್ಲಿ ಎರಡನೆಯದೇ ಗೆಲ್ಲುತ್ತದೆ. ಮೊದಲನೆಯದರಲ್ಲಿ ಬೆಳಿಗ್ಗೆ ಒಲೆ ಹಚ್ಚಲೇಬೇಕು, ಗಂಟಾಗದಂತೆ ತಿರುವುತ್ತ ನಿಲ್ಲಬೇಕು, ಆರುವವರೆಗೆ ಕಾಯಬೇಕು. ಎರಡನೆಯದರಲ್ಲಿ ಒಲೆಯ ಹಂಗೇ ಇಲ್ಲ. ಆದರೆ ವಿಜ್ಞಾನದ ಲೆಕ್ಕದಲ್ಲಿ ಇವು ಒಂದೇ ತಿನಿಸಿನ ಎರಡು ರೂಪಗಳಲ್ಲ, ಬೇರೆ ಬೇರೆ ಪದಾರ್ಥಗಳು. ಹೇಗೆಂದು ನೋಡೋಣ.

ರಾಗಿ ಹಿಟ್ಟಿನ ಮೇಲೆ ಸಹಜವಾಗಿಯೇ ನಾನಾ ಬಗೆಯ ಸೂಕ್ಷ್ಮಾಣುಗಳಿರುತ್ತವೆ. ಅವುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳೂ ಇವೆ. ಮೊಸರು ಹೆಪ್ಪಾಗಿಸುವ, ದೋಸೆ ಹಿಟ್ಟನ್ನು ಹುಳಿಯಾಗಿಸುವ ಬಳಗದವು ಇವು. ಹಸಿ ಹಿಟ್ಟಿಗೆ ನೀರು ತಾಗಿದ ಕೂಡಲೇ ಇವು ಎಚ್ಚೆತ್ತು, ಹಿಟ್ಟಿನಲ್ಲಿರುವ ಅಲ್ಪಸ್ವಲ್ಪ ಸಕ್ಕರೆಯನ್ನು ತಿಂದು ಆಮ್ಲವನ್ನು ಹೊರಹಾಕುತ್ತವೆ. ಕಲಸಿದಾಗ ಪಿಎಚ್ 6ರ ಆಸುಪಾಸಿನಲ್ಲಿದ್ದ ಹಿಟ್ಟು ಚೆನ್ನಾಗಿ ಹುಳಿ ಬರುವಷ್ಟರಲ್ಲಿ 4ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ರೋಗ ತರುವ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಬೆಳಿಗ್ಗೆ ಅದನ್ನು ಕುದಿಸುವುದೂ ಇರುವುದರಿಂದ ಇದು ಎರಡು ಬೇಲಿಗಳ ಹೊಲ ಇದ್ದಂತೆ.

ರಾತ್ರಿಯೇ ಗಂಜಿ ಕಾಯಿಸಿದಾಗ ಏನಾಗುತ್ತದೆ? ಕುದಿತಕ್ಕೆ ಆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ. ಸಾಯದೆ ಉಳಿಯುವುದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು. ಮಣ್ಣಿನಲ್ಲಿ, ಅಲ್ಲಿಂದ ಧಾನ್ಯಗಳಲ್ಲಿ ಎಲ್ಲೆಡೆ ಇರುವ ಇದು ಅನ್ನ ಬೇಯುವಾಗ ಗಟ್ಟಿ ಕವಚದೊಳಗೆ ಸುಮ್ಮನೆ ಕುಳಿತಿರುತ್ತದೆ. ಗಂಜಿ ಉಗುರುಬೆಚ್ಚಗಾದಾಗ ಕವಚ ಒಡೆದು ಮೊಳೆಯುತ್ತದೆ. ಪೈಪೋಟಿಗೆ ಯಾರೂ ಇಲ್ಲ, ಬೆಂದ ಪಿಷ್ಟ ಬೇಕಾದಷ್ಟಿದೆ, ಹುಳಿಯೂ ಇಲ್ಲ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡರೆ 9 ಗಂಟೆಯಲ್ಲಿ 18 ಬಾರಿ ಇಮ್ಮಡಿ, ಅಂದರೆ ಒಂದು ಇದ್ದದ್ದು ಎರಡೂವರೆ ಲಕ್ಷ ದಾಟುತ್ತದೆ. (ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ತಡೆ ಇರುವುದು ಗುಂಡ್ಲುಪೇಟೆಯವರಿಗೆ ಗೊತ್ತೇ ಇದೆ. ಸರಿಯಾಗಿ ಅಷ್ಟೇ ಹೊತ್ತು. ಪಾತ್ರೆಯೊಳಗೆ ಮಾತ್ರ ಯಾವ ಗೇಟೂ ಇಲ್ಲ.)

ಬೆಳಿಗ್ಗೆ ಇನ್ನೊಮ್ಮೆ ಕುದಿಸಿದರೆ ಆಯಿತಲ್ಲ?

ಇದು ನಾವು ಅತಿ ಹೆಚ್ಚು ಕೇಳುವ ಸಮಾಧಾನ, ಅತಿ ಅಪಾಯದ ಸಮಾಧಾನವೂ ಹೌದು. ಬ್ಯಾಸಿಲಸ್ ಸೀರಿಯಸ್‌ನ ಕೆಲವು ತಳಿಗಳು ಆಹಾರದಲ್ಲಿ ಬೆಳೆಯುವಾಗಲೇ ಸೆರೂಲೈಡ್ ಎಂಬ ವಿಷವನ್ನು ಬಿಡುತ್ತವೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಈ ವಿಷ ಹೋಗುವುದಿಲ್ಲ. ಪ್ರೆಶರ್ ಕುಕ್ಕರಿನ ಶಾಖಕ್ಕೂ ಅದು ಜಗ್ಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಇದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆಯ ವಿಷದಿಂದ ಭೇದಿಯೂ ಆಗುತ್ತದೆ. ಬಹುಮಟ್ಟಿಗೆ ಒಂದು ದಿನದಲ್ಲಿ ತಾನಾಗಿ ವಾಸಿಯಾಗುವ ತೊಂದರೆಯಿದು. ಆದರೆ ಬಿಸಿಲಿನಲ್ಲಿ ಬಗ್ಗಿ ಕೆಲಸ ಮಾಡುವವರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಒಂದು ದಿನದ ವಾಂತಿಭೇದಿ ಎಂದರೆ ಕಡಿಮೆಯದಲ್ಲ. ಕೂಲಿಯೂ ಹೋಯಿತು.

ಇನ್ನೊಂದು ತೊಡಕೆಂದರೆ, ಇದು ಬೆಳೆದ ಗಂಜಿ ವಾಸನೆ ಬರಲೇಬೇಕೆಂದಿಲ್ಲ, ರುಚಿ ಕೆಡಲೇಬೇಕೆಂದಿಲ್ಲ. ‘ಮೂಸಿ ನೋಡಿದೆ, ಚೆನ್ನಾಗೇ ಇತ್ತು’ ಎಂಬುದು ಇಲ್ಲಿ ಸಾಕ್ಷಿಯಾಗುವುದಿಲ್ಲ. ನಮ್ಮ ಎಣಿಕೆಗೆ ಉಲ್ಟಾ ಹೊಡೆಯುವ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ರಾತ್ರಿ ಕಾಯಿಸಿ ಹೊರಗಿಟ್ಟ ಗಂಜಿ ಬೆಳಿಗ್ಗೆ ಹುಳಿಯಾಗಿದ್ದರೆ ಅನುಮಾನ ಪಡುತ್ತೇವೆ, ಹುಳಿಯಾಗದೆ ಸಪ್ಪಗಿದ್ದರೆ ‘ಕೆಟ್ಟಿಲ್ಲ’ ಎಂದು ಕುಡಿಯುತ್ತೇವೆ. ಅನುಮಾನ ಪಡಬೇಕಾದದ್ದು ಸಪ್ಪಗಿರುವುದರ ಮೇಲೆ.

ಹಾಗಾದರೆ ತಲೆತಲಾಂತರದಿಂದ ಜನ ಇದನ್ನೇ ಕುಡಿದುಕೊಂಡು ಬಂದರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರ ಅಡುಗೆಮನೆಯಲ್ಲಿ ಅಂಬಲಿಗೆಂದೇ ಒಂದು ಮಡಕೆ ಇರುತ್ತಿತ್ತು. ಅದರ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನಿನ್ನೆಯ ಅಂಬಲಿಯ ಬ್ಯಾಕ್ಟೀರಿಯಾಗಳು ಉಳಿದು ಇಂದಿನ ಗಂಜಿಗೆ ಹೆಪ್ಪಾಗುತ್ತಿದ್ದವು. ತಳದಲ್ಲಿ ಒಂದು ಸೌಟು ಹಳೆಯ ಅಂಬಲಿ ಬಿಟ್ಟು ಅದರ ಮೇಲೆಯೇ ಹೊಸದನ್ನು ಸುರಿಯುವ ರೂಢಿಯೂ ಇತ್ತು. ‘ಮಣ್ಣಿನ ಗುಣ’ ಎಂದು ಹೇಳುವುದರಲ್ಲಿ ಬಹುಪಾಲು ಇದೇ. ನಾವೀಗ ಮಡಕೆಯನ್ನು ಬಿಟ್ಟು, ಸೋಪು ಹಾಕಿ ತಿಕ್ಕಿ ಹೊಳೆಯುವ ಸ್ಟೀಲು ಪಾತ್ರೆಗೆ ಬಂದಿದ್ದೇವೆ. ಪಾತ್ರೆ ಶುದ್ಧವಾಗಿದ್ದು ಒಳ್ಳೆಯದೇ. ಆದರೆ ಹೆಪ್ಪು ತಾನಾಗಿ ಬೀಳುತ್ತಿದ್ದ ದಾರಿ ಮುಚ್ಚಿತು, ರಾತ್ರಿ ಕಾಯಿಸಿಡುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಮಜ್ಜಿಗೆಯನ್ನು ರಾತ್ರಿಗೆ ತನ್ನಿ

ಬೆಳಿಗ್ಗೆ ರುಚಿಗೆಂದು ಬೆರೆಸುವ ಮಜ್ಜಿಗೆಯನ್ನು ರಾತ್ರಿಯೇ ಬೆರೆಸಿಬಿಡಿ. ಬದಲಾಯಿಸಬೇಕಾದದ್ದು ಅಷ್ಟೇ. ಆಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಹುಳಿ ಮಜ್ಜಿಗೆಯ ಆಮ್ಲ ಗಂಜಿಯ ಪಿಎಚ್ ಅನ್ನು ಆ ಕ್ಷಣದಲ್ಲೇ ಇಳಿಸುತ್ತದೆ. ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾಗಳು ಖಾಲಿ ಬಿದ್ದಿದ್ದ ಜಾಗವನ್ನು ಮೊದಲು ಹಿಡಿದು ಇನ್ನಷ್ಟು ಹುಳಿ ತರುತ್ತವೆ. ಬೆಳಿಗ್ಗೆ ಉಪ್ಪು, ಹಸಿ ಈರುಳ್ಳಿ, ಕೊತ್ತಂಬರಿ ಹಾಕಿಕೊಂಡರೆ ಮುಗಿಯಿತು. ನಾಲ್ಕೈದು ಲೋಟ ಗಂಜಿಗೆ ಒಂದು ಲೋಟ ಹುಳಿ ಮಜ್ಜಿಗೆ ಎಂಬ ಲೆಕ್ಕ ಇಟ್ಟುಕೊಳ್ಳಬಹುದು. ಒಂದೆರಡು ಹನಿ ಸಾಲದು, ಧಾರಾಳವಾಗಿರಲಿ. ಮನೆಯ ಮಜ್ಜಿಗೆ ಇಲ್ಲದವರು ಮೊಸರನ್ನೇ ಕಡೆದು ಬಳಸಬಹುದು. ತಿಂಗಳುಗಟ್ಟಲೆ ಕೆಡದ ಡಬ್ಬಿ ಮಜ್ಜಿಗೆಯನ್ನು ಶಾಖಕ್ಕೆ ಒಳಪಡಿಸಿರುವುದರಿಂದ ಅದರಲ್ಲಿ ಹೆಪ್ಪಾಗಬಲ್ಲ ಜೀವ ಇರುವುದಿಲ್ಲ.

ಆದರೆ ಮಜ್ಜಿಗೆ ಬೆರೆಸಬೇಕಾದದ್ದು ಬಿಸಿ ಗಂಜಿಗಲ್ಲ. ಹಾಲಿಗೆ ಹೆಪ್ಪು ಹಾಕುವ ಹದವೇ ಇಲ್ಲಿಯೂ: ಬೆರಳು ಅದ್ದಿದರೆ ಬೆಚ್ಚಗಿರಬೇಕು, ಸುಡಬಾರದು. ಕುದಿಯುವುದಕ್ಕೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಮಜ್ಜಿಗೆಯೂ ಒಡೆಯುತ್ತದೆ. ಹಾಗಂತ ಗಂಜಿ ತಾನಾಗಿ ಆರಲಿ ಎಂದು ಬಿಟ್ಟರೆ ದೊಡ್ಡ ಪಾತ್ರೆಯ ಗಟ್ಟಿ ಗಂಜಿ ಆರಲು ಗಂಟೆಗಳೇ ಬೇಕು. ಅಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಮಜ್ಜಿಗೆ ಬೆಳಗಿನ ಕೆಲಸವಾದದ್ದಕ್ಕೆ ಇದೇ ಕಾರಣ ಇರಬೇಕು ಎಂದು ನಮಗನ್ನಿಸುತ್ತದೆ.

ಇದಕ್ಕೊಂದು ಉಪಾಯವನ್ನು ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸವಿರುವ ಹೊರದೇಶದವರಿಂದ ಕಲಿಯಬಹುದು. ಅವರಿಗೂ ಇದೇ ಸಂಕಟ. ಮೊಳಕೆ ಬರಿಸಿದ ಬಾರ್ಲಿಯ ಸಿಹಿ ರಸವನ್ನು ಕುದಿಸಿದ ಮೇಲೆ ಈಸ್ಟ್ ಹಾಕಲು ಅದು ಆರಲೇಬೇಕು. ಬರಿದೇ ತೆರೆದಿಟ್ಟರೆ ಈಸ್ಟಿಗಿಂತ ಮೊದಲು ಬೇರೆ ಸೂಕ್ಷ್ಮಾಣುಗಳು ಬಂದು ಕೂರುತ್ತವೆ. ಇಡೀ ದಿನ ಹಿಡಿಯುವ ಕೆಲಸವಾದ್ದರಿಂದ ಅವರು ಹಿಂದಿನ ರಾತ್ರಿಯೇ ಧಾನ್ಯ ತೂಗಿ, ಒಡೆದು, ನೀರು ಅಳೆದು, ಪಾತ್ರೆ ತೊಳೆದಿಡುತ್ತಾರೆ. ರಸವನ್ನು ಕುದಿಸಿ ಈಸ್ಟ್ ಇಲ್ಲದೆ ತೆರೆದಿಟ್ಟು ಮಲಗುವುದನ್ನು ಮಾತ್ರ ಮಾಡುವುದಿಲ್ಲ. ಬೇಗ ಆರಿಸಲು ಕೆಲವರು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಕುದಿಸಿ, ಉಳಿದ ನೀರನ್ನು ತಣ್ಣಗಿರುವಾಗಲೇ ಸುರಿಯುತ್ತಾರೆ.

ಅಂಬಲಿಗೂ ಇದು ಸಲ್ಲುತ್ತದೆ. ಸುಮಾರು 95 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಪಾಲು ಗಟ್ಟಿ ಗಂಜಿಗೆ 25 ಡಿಗ್ರಿಯ ಎರಡು ಪಾಲು ನೀರು ಬೆರೆಸಿದರೆ ಶಾಖ ಒಮ್ಮೆಲೇ 48 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೂರು ಪಾಲು ಬೆರೆಸಿದರೆ 43ರ ಹತ್ತಿರ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ತಿರುವಿದರೆ ಊಟ ಮುಗಿಸಿ ಏಳುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಬೆರೆಸುವ ನೀರು ಸಂಜೆಯೇ ಕುದಿಸಿ ಮುಚ್ಚಿ ಆರಿಸಿದ ನೀರಾಗಿರಲಿ. ಗಂಟಾಗದಿರಲು ನೀರನ್ನು ಒಂದೇ ಸಲ ಸುರಿಯದೆ, ಮೊದಲು ಸ್ವಲ್ಪ ಹಾಕಿ ಕಡೆಗೋಲಿನಲ್ಲಿ ಕಡೆದು ಆಮೇಲೆ ಉಳಿದದ್ದನ್ನು ಹಾಕಿ.

ತಂಗಳ ಹಿಟ್ಟಿನದು ಇನ್ನೂ ಸುಲಭ, ಒಂದು ಎಚ್ಚರಿಕೆ ಬೇಕು. ಇಡೀ ಮುದ್ದೆಯನ್ನು ಮಜ್ಜಿಗೆಯಲ್ಲಿ ಮುಳುಗಿಸಿಟ್ಟರೆ ಹುಳಿ ಹೊರಮೈಗಷ್ಟೇ ತಾಗುತ್ತದೆ, ಒಳಗೆ ಬೆಚ್ಚಗಿನ ಸಪ್ಪೆ ಹಿಟ್ಟು ಹಾಗೆಯೇ ಇರುತ್ತದೆ. ಊಟವಾದ ಕೂಡಲೇ ತೊಳೆದ ಕೈಯಲ್ಲಿ ಚೆನ್ನಾಗಿ ಕಿವುಚಿ ಬೆರೆಸಿಡಿ. ತಂಗಳನ್ನಕ್ಕೂ ಇದೇ ಮಾತು. ಬರೀ ನೀರು ಸುರಿದಿಟ್ಟ ಅನ್ನ ಒಂದೊಂದು ದಿನ ಚೆನ್ನಾಗಿ ಹುಳಿ ಬರುತ್ತದೆ, ಒಂದೊಂದು ದಿನ ಬರುವುದಿಲ್ಲ. ಆ ಅದೃಷ್ಟದಾಟ ಯಾಕೆ? ಫ್ರಿಜ್ ಇರುವವರು, ಕರೆಂಟು ಕೈಕೊಡದಿದ್ದರೆ, ಬೇಗ ಆರಿಸಿ ಒಳಗಿಡುವುದೇ ಎಲ್ಲಕ್ಕಿಂತ ಸರಳ. ಆಗ ಹುಳಿಯೂ ಬರುವುದಿಲ್ಲ, ವಿಷವೂ ಬೆಳೆಯುವುದಿಲ್ಲ.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಿಸೆಂಬರ್ ಜನವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಚಳಿ ಇಳಿದಾಗ ಹಸಿ ಹಿಟ್ಟು ಬೆಳಿಗ್ಗೆಗೆ ಹುಳಿಯೇ ಬರುವುದಿಲ್ಲ. ಆಗ ಹಿಂದಿನ ದಿನದ ಹುಳಿ ಹಿಟ್ಟನ್ನು ಒಂದು ಸೌಟು ಸೇರಿಸಿ, ಬೆಂಕಿ ಆರಿದ ಒಲೆಯ ಮಗ್ಗುಲಲ್ಲಿ ಇಟ್ಟರೆ ಸಾಕು. ಏಪ್ರಿಲ್ ಮೇ ಸೆಕೆಯಲ್ಲಿ ಹುಳಿ ಬೇಗ ಏರುತ್ತದೆ, ಹಾಗಾಗಿ ಹಿಟ್ಟು ಕಲಸುವುದನ್ನು ಮಲಗುವ ಹೊತ್ತಿಗೆ ಮುಂದೂಡಬಹುದು. ಪಾತ್ರೆ ಸ್ಟೀಲು ಅಥವಾ ಮಣ್ಣಿನದಿರಲಿ. ಕಲಾಯಿ ಹೋದ ಹಿತ್ತಾಳೆ ತಾಮ್ರಕ್ಕೆ ಹುಳಿ ತಾಗಿದರೆ ಕಿಲುಬು ಅಂಬಲಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಕೂಡ ಇಡೀ ರಾತ್ರಿಯ ಹುಳಿಗೆ ತಕ್ಕದ್ದಲ್ಲ.

ಕಬ್ಬಿಣ ಹುಟ್ಟುತ್ತದೆಯೇ?

ಇನ್ನು ವಾಟ್ಸಾಪ್ ಗುಂಪಿನ ಕಡೆ ತಿರುಗೋಣ. 100 ಗ್ರಾಂ ಅನ್ನದಲ್ಲಿ 3.4 ಮಿಲಿಗ್ರಾಂ ಇದ್ದ ಕಬ್ಬಿಣಾಂಶ ರಾತ್ರಿ ನೆನೆಸಿಟ್ಟರೆ 73.91 ಮಿಲಿಗ್ರಾಂ ಆಗುತ್ತದೆ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ದಶಾಂಶದವರೆಗೆ ಅಂಕಿ ಕೊಟ್ಟ ತಕ್ಷಣ ನಂಬುವುದು ನಮ್ಮೆಲ್ಲರ ಚಾಳಿ. ಕಬ್ಬಿಣ ಒಂದು ಮೂಲಧಾತು. ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಬಲ್ಲವು, ಕೆಲವು ಜೀವಸತ್ವಗಳನ್ನು ತಯಾರಿಸಬಲ್ಲವು, ಕಬ್ಬಿಣವನ್ನು ತಯಾರಿಸಲಾರವು. ಹೊರಗಿನಿಂದ, ಅಂದರೆ ಪಾತ್ರೆಯಿಂದಲೋ ನೀರಿನಿಂದಲೋ, ಸೇರದ ಹೊರತು ರಾತ್ರಿ ಎಷ್ಟಿತ್ತೋ ಬೆಳಿಗ್ಗೆಯೂ ಅಷ್ಟೇ. ಬಿ12 ಸಿಗುತ್ತದೆ ಎಂಬ ಮಾತನ್ನೂ ನೆಚ್ಚಿಕೊಳ್ಳುವಂತಿಲ್ಲ. ಹುಳಿ ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಅದನ್ನು ತಯಾರಿಸುವುದಿಲ್ಲ.

ಆದರೆ ಈ ಸುಳ್ಳಿನ ಪಕ್ಕದಲ್ಲೇ ಒಂದು ನಿಜ ಇದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಕಬ್ಬಿಣವೂ ಇದೆ. ಇವನ್ನು ಫೈಟಿಕ್ ಆಮ್ಲ ಎಂಬ ವಸ್ತು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿರುವುದರಿಂದ ಕರುಳಿಗೆ ಪೂರ್ತಿ ದಕ್ಕುವುದಿಲ್ಲ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು, ಈ ಮೂರೂ ಫೈಟಿಕ್ ಆಮ್ಲವನ್ನು ಒಡೆಯುವ ಕಿಣ್ವಕ್ಕೆ ಕೆಲಸ ಕೊಡುತ್ತವೆ. ಅಂದರೆ ಪೋಷಕಾಂಶ ಹೆಚ್ಚುವುದಿಲ್ಲ, ಇರುವುದು ಹೆಚ್ಚು ದಕ್ಕುತ್ತದೆ. ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ ಇದು ಸಣ್ಣ ವಿಷಯವಲ್ಲ. ಈ ಲಾಭ ಹೆಚ್ಚು ಸಿಗುವುದು ಮೊದಲ ಬಗೆಯ ಅಂಬಲಿಯಲ್ಲಿ, ಅಂದರೆ ಹಸಿ ಹಿಟ್ಟನ್ನೇ ಹುಳಿ ಬರಿಸಿದಾಗ. ಧಾನ್ಯದ ಸ್ವಂತ ಕಿಣ್ವಗಳು ಕುದಿಸಿದರೆ ನಾಶವಾಗುತ್ತವೆ. ಹಾಗಾಗಿ ವಾರದ ಕೂಲಿ ದಿನಗಳಲ್ಲಿ ರಾತ್ರಿ ಕಾಯಿಸಿ ಮಜ್ಜಿಗೆ ಬೆರೆಸಿದ ಅಂಬಲಿ, ಬಿಡುವಿನ ದಿನ ಹಸಿ ಹಿಟ್ಟಿನ ಹುಳಿ ಅಂಬಲಿ ಎಂದು ಹಂಚಿಕೊಂಡರೆ ಸಮಯಕ್ಕೂ ಮೈಗೂ ಸರಿಹೋಗುತ್ತದೆ.

ಹುಳಿ ಅಂಬಲಿ ಅಮಲೇರಿಸುತ್ತದೆಯೇ?

ಹುದುಗು ಎಂದ ಮೇಲೆ ಹೆಂಡದ ಅನುಮಾನ ಬರುವುದು ಸಹಜ. ಅದೂ ಬಿಯರಿನ ಉದಾಹರಣೆ ಬೇರೆ ಕೊಟ್ಟಿದ್ದೇವೆ. ಇದೇ ರಾಗಿಯಿಂದ ನೇಪಾಳ, ಸಿಕ್ಕಿಂ ಕಡೆ ಜಾಂಡ್ ಎಂಬ ಮದ್ಯ ಮಾಡುತ್ತಾರೆ. ಆಫ್ರಿಕಾದ ಪೂರ್ವ ಭಾಗದಲ್ಲಿಯೂ ಮೊಳಕೆ ರಾಗಿ ಬಿಯರಿಗೆ ಹೋಗುತ್ತದೆ. ಆದರೆ ಮದ್ಯವಾಗಬೇಕಾದರೆ ಪಿಷ್ಟ ಮೊದಲು ಸಕ್ಕರೆಯಾಗಬೇಕು, ಅದಕ್ಕೆ ಮೊಳಕೆಯ ಕಿಣ್ವವೋ ಬೂಷ್ಟಿನ ಹೆಪ್ಪೋ ಬೇಕು. ಆಮೇಲೆ ಈಸ್ಟಿಗೆ ದಿನಗಟ್ಟಲೆ ಸಮಯ ಬೇಕು. ಒಂದು ರಾತ್ರಿಯ ಅಂಬಲಿಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಆಗುವುದು ಹೆಚ್ಚಾಗಿ ಲ್ಯಾಕ್ಟಿಕ್ ಆಮ್ಲ, ಮೊಸರಿನಲ್ಲಿರುವುದೇ. ಅಂಬಲಿ ಕುಡಿದ ಮೇಲೆ ಬರುವ ಜೋಂಪು ತುಂಬಿದ ಹೊಟ್ಟೆಯದು, ಬಿಸಿಲಿನದು. ಇನ್ನು ಮನೆಯಲ್ಲೇ ಮದ್ಯ ಮಾಡಿನೋಡುವ ಕುತೂಹಲ ಯಾರಿಗಾದರೂ ಇದ್ದರೆ, 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಅದು ಅಪರಾಧ, ಕುಡಿಯುವುದು ನೀವೊಬ್ಬರೇ ಆದರೂ.

ಮೊಳಕೆಯ ಆ ಕಿಣ್ವಕ್ಕೆ ನಮ್ಮಲ್ಲಿ ಬೇರೆ ಉಪಯೋಗವಿದೆ. ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಯೇ ‘ರಾಗಿ ಮಾಲ್ಟ್’. ಬಿಯರಿನವರ ಮಾಲ್ಟೂ ಇದೇ ಪದ, ಇದೇ ವಿಧಾನ. ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ, ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಕಸುವು ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ 1980ರ ದಶಕದಲ್ಲಿ ರಾಗಿ ಮತ್ತು ಹೆಸರುಕಾಳಿನ ಮೊಳಕೆಯಿಂದ ಕೂಸುಗಳ ಆಹಾರ ರೂಪಿಸಿದ್ದರ ಹಿಂದಿನ ತರ್ಕ ಇದು. ಆದರೆ ಕೂಸಿನ ರಾಗಿ ಸರಿಗೆ ಮೇಲಿನ ಯಾವ ರಾತ್ರಿ ಉಪಾಯವೂ ಬೇಡ, ಮಜ್ಜಿಗೆ ಬೆರೆಸಿದ್ದೂ ಬೇಡ. ಹಿಂದಿನ ರಾತ್ರಿ ಹಿಟ್ಟು ಅಳೆದು, ನೀರು ಕಾಯಿಸಿ ಮುಚ್ಚಿ, ಪಾತ್ರೆ ತೊಳೆದು ಕವುಚಿಡಿ. ಕಾಯಿಸುವುದು ಮಾತ್ರ ಬೆಳಿಗ್ಗೆಯೇ, ಆಗಿಂದಾಗ್ಗೆ, ಒಂದು ಸಲಕ್ಕೆ ಬೇಕಾದಷ್ಟೇ.